ಒಳಗಿನ ತಂಡ, ಹೊರಗಿನ ತಂಡ

ಹೋದ ವಾರ ಅಡುಗೆಮನೆಯ ನಲ್ಲಿಗೆ ವಾಷರ್ ತರಲು ಬ್ರೂಸ್‌ಪೇಟೆಗೆ ಹೋಗಿದ್ದೆ. ಅಂಗಡಿಯ ಕಟ್ಟೆಯ ಮೇಲೆ ಯಾರೋ ಪ್ಲಂಬರ್ ಸಲೂಷನ್ ಡಬ್ಬಿಯ ಮುಚ್ಚಳ ತೆಗೆದು, ಅದು ಗಟ್ಟಿಯಾಗಿದೆಯೋ ತೆಳ್ಳಗಿದೆಯೋ ಎಂದು ಕಡ್ಡಿ ಆಡಿಸಿ ನೋಡುತ್ತಿದ್ದ. ಪೈಪಿಗೆ ಪೈಪು ಅಂಟಿಸುವ ಆ ದ್ರವದ ವಾಸನೆ ಒಂದು ಸಲ ಮೂಗಿಗೆ ಹೊಡೆದರೆ ಗಂಟಲಲ್ಲಿ ಅರ್ಧ ದಿನ ಉಳಿಯುತ್ತದೆ. ನೆನಪಿಗಿಂತ ಮೊದಲು ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಲೆಕ್ಕ ಹಾಕಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಆ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ನಾನು ಜಿಲ್ಲೆಯ ಪತ್ರಿಕೆಯೊಂದರಲ್ಲಿ ವರದಿಗಾರನಾಗಿ ಸೇರಿ, ಈಗ ಸುದ್ದಿ ತಿದ್ದುವ ಕುರ್ಚಿಯಲ್ಲಿ ಕುಳಿತಿದ್ದೇನೆ. ಸಿರುಗುಪ್ಪ ತಾಲ್ಲೂಕಿನ ದೇಶನೂರು ನನ್ನ ಊರು. ಅಲ್ಲಿಯ ದಲಿತ ಕೇರಿಯಲ್ಲಿ ಹುಟ್ಟಿದೆ. ಅಪ್ಪನ ಕಾಲದಲ್ಲೇ ನಮ್ಮದು ಬೌದ್ಧ ಮನೆತನವಾಯಿತು. ಹೆಂಡತಿ ಸುಜಾತ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ನಾವು ಮನೆ ಕಟ್ಟಿಸಿದ ವರ್ಷ ಯುಗಾದಿ ಮುಗಿಯುವ ಹೊತ್ತಿಗೆ ಬಳ್ಳಾರಿಯ ಗಾಂಧಿನಗರದಾಚೆಯ ಹೊಸ ಬಡಾವಣೆಯಲ್ಲಿ ನಮ್ಮ ಮನೆಯ ಗೋಡೆ ಎದ್ದು, ಮೇಲೆ ಸ್ಲ್ಯಾಬು ಬಿದ್ದಿತ್ತು. ಇನ್ನು ಪೈಪಿನ ಕೆಲಸ. ಪ್ಲಾಸ್ಟರ್ ಮಾಡುವ ಮೊದಲು ಪೈಪುಗಳು ಗೋಡೆಯ ಒಳಗೆ ಹೋಗಿಬಿಡಬೇಕು. ಆಮೇಲೆ ಅದರಲ್ಲಿ ಏನು ತಪ್ಪಿದ್ದರೂ ಗೋಡೆ ಒದ್ದೆಯಾಗುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಪ್ಲಂಬಿಂಗ್ ಕಂಟ್ರಾಕ್ಟರ್‌ನನ್ನು ಆರಿಸುವ ವಿಷಯದಲ್ಲಿ ಅವಸರ ಮಾಡಬಾರದು ಎಂದು ನಿರ್ಧರಿಸಿದ್ದೆ. ಒಂದು ನಿಯಮ ಮಾಡಿಕೊಂಡೆ. ಯಾರೇ ಬರಲಿ, ಒಳಗಿನ ಕೆಲಸ ಮಾಡಿದ ಮೂರು ಮನೆ ತೋರಿಸಬೇಕು. ನಾನೇ ಹೋಗಿ ನೋಡಬೇಕು, ಮನೆಯವರ ಜೊತೆ ಮಾತಾಡಬೇಕು. ಎಲ್ಲರಿಗೂ ಒಂದೇ ನಿಯಮ. ನ್ಯಾಯವಾಗಿಯೇ ಕಂಡಿತ್ತು.

ಮೊದಲು ಬಂದವನು ಹುಲುಗಪ್ಪ. ನಲವತ್ತರ ಆಸುಪಾಸಿನವನು, ಕುರುಗೋಡಿನ ಕಡೆಯವನು, ಗೋಡೆ ಕಟ್ಟುತ್ತಿದ್ದ ನಮ್ಮ ಗೌಂಡಿಗೆ ಪರಿಚಯ. ಬಿಸಿಲು ನೆತ್ತಿಗೆ ಏರುವ ಹೊತ್ತಿನಲ್ಲಿ ಸಿಮೆಂಟ್ ಚೀಲದಲ್ಲಿ ಸಾಮಾನು ಹೊತ್ತುಕೊಂಡು ಬಂದು ಹೊಸಿಲ ಆಚೆ ನಿಂತ. ಬಾಗಿಲು ಇನ್ನೂ ಇರಲಿಲ್ಲ, ಗೋಡೆಯಲ್ಲಿ ಬಾಗಿಲಿಗೆ ಬಿಟ್ಟ ಜಾಗ ಅಷ್ಟೇ. ಆದರೂ ಹೊರಗೇ ನಿಂತ.

"ಸಾರ್, ಕೆಲಸ ಯಾರಿಗರ ಹೇಳೀರೇನ್ರಿ?"

"ಇನ್ನೂ ಇಲ್ಲ. ಒಳಗ ಬಾ."

ಒಳಗೆ ಬಂದು ಸುತ್ತ ನೋಡಿದ. "ಇಪ್ಪತ್ತು ವರ್ಷ ಆತ್ರಿ ಈ ಕೆಲಸಕ್ಕ ಬಂದು. ಇಲ್ಲಿತನಕ ಕಂಟ್ರಾಕ್ಟರ್ ಕೈಯಾಗ ಹೊರಗಿಂದ ಅಷ್ಟ ಮಾಡೀನಿ. ಗಟಾರದ ಪೈಪು, ಚೇಂಬರು, ಸಂಪು. ಒಳಗಿಂದೂ ಬರ್ತತ್ರಿ. ಆದ್ರ ಯಾರೂ ಒಳಗ ಬಿಟ್ಟಿಲ್ಲ."

ಯಾಕೆ ಬಿಟ್ಟಿಲ್ಲ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಅವನು ಯಾವ ಕೇರಿಯವನೆಂದು ನನಗೆ ಗೊತ್ತಿತ್ತು, ನಾನು ಯಾವ ಕೇರಿಯವನೆಂದು ಗೌಂಡಿ ಅವನಿಗೆ ಹೇಳಿದ್ದ.

"ಒಂದ ಮನಿ ಸಾಕ್ರಿ ಸಾರ್. ಒಂದು ಮನಿ ಒಳಗಿಂದು ಮಾಡಿ, ಇದು ನಾನು ಮಾಡಿದ್ದು ಅಂತ ನಾಕು ಮಂದಿಗೆ ತೋರಿಸಿದ್ರ ನನ್ನ ಕಾಲ ಮ್ಯಾಲ ನಾನು ನಿಂತ್ಕೊಂತೀನಿ."

ಅಷ್ಟು ಹೇಳಿ ಅವನು ಅಡುಗೆಮನೆಗೆ ಹೋದ. ಸಿಂಕು ಕೂರುವ ಜಾಗ ಕೇಳಿದ. ಹಿತ್ತಲಿಗೆ ಹೋಗಿ, ಬಳಸಿದ ನೀರು ಬಂದು ಸೇರಲೆಂದು ಗೌಂಡಿ ಆಗಲೇ ಕಟ್ಟಿದ್ದ ಚೇಂಬರ್ ನೋಡಿದ. ಚೀಲದಿಂದ ತೆಳ್ಳಗಿನ ಪ್ಲಾಸ್ಟಿಕ್ ಟ್ಯೂಬು ತೆಗೆದು, ಅದರಲ್ಲಿ ನೀರು ತುಂಬಿ, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಸಿಂಕಿನ ಕಡೆ ನಿಲ್ಲಿಸಿದ. ಇನ್ನೊಂದು ತುದಿ ಹಿಡಿದು ತಾನು ಚೇಂಬರಿನ ಹತ್ತಿರ ಕುಳಿತ. ಎರಡೂ ಕಡೆ ನೀರು ನಿಂತ ಮಟ್ಟ ನೋಡಿ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದ.

"ಚೇಂಬರು ನಾಕು ಬೆರಳು ಎತ್ತರ ಆಗೇತ್ರಿ. ಅಡಿಗಿಮನಿ ನೀರು ಹೊರಗ ಹೋಗಂಗಿಲ್ಲ. ನೀರು ಏರು ಹತ್ತಂಗಿಲ್ರಿ ಸಾರ್. ಎಂಜಿನಿಯರು ಹೇಳಿದ್ರೂ ಹತ್ತಂಗಿಲ್ಲ."

ನಾನು ನಕ್ಕೆ. ಆಮೇಲೆ ನನ್ನ ನಿಯಮ ಹೇಳಿದೆ. ಮೂರು ಮನೆ.

ಅವನು ಟ್ಯೂಬಿನ ನೀರನ್ನು ಮೆಲ್ಲಗೆ ಮರಳಿನ ಮೇಲೆ ಚೆಲ್ಲಿದ. "ಮೂರು ಎಲ್ಲಿಂದ ತರ್ಲಿ ಸಾರ್. ಒಂದಕ್ಕ ಅಂತ ನಿಮ್ಮ ಹತ್ರ ಬಂದೀನಿ."

"ನೋಡಿ ಹೇಳ್ತೀನಿ," ಎಂದೆ. ಕಚೇರಿಯಲ್ಲಿ ಯಾರಿಗಾದರೂ ಇಲ್ಲ ಎಂದು ನೇರವಾಗಿ ಹೇಳಲಾಗದಿದ್ದಾಗ ನಾವೆಲ್ಲ ಆಡುವ ಮಾತು ಅದು.

ನಾನು ಸುಮ್ಮನೆ ಕೂರಲಿಲ್ಲ, ವಿಚಾರಿಸಿದೆ. ಬ್ರೂಸ್‌ಪೇಟೆಯಲ್ಲಿ ಪೈಪು ಮಾರುವ ಖಾಜಾ ಸಾಬ್ ಊರಿನ ಪ್ಲಂಬರ್‌ಗಳನ್ನೆಲ್ಲ ಬಲ್ಲವರು. ಹುಲುಗಪ್ಪನ ಹೆಸರು ಹೇಳುತ್ತಲೇ ತಲೆ ಆಡಿಸಿದರು.

"ಅವನ ಕೈ ಭಾಳ ಸಾಫ್ ಐತ್ರಿ. ಪ್ಲಂಬರ್ ಚಲೋನೋ ಕೆಟ್ಟವನೋ ನನಗ ಹೆಂಗ ಗೊತ್ತಾಕ್ಕತಿ ಹೇಳ್ರಿ? ಪೈಪು ತಿರುಗಿಸಾಕ ಅವರು ಒಯ್ಯೋ ಎಲ್ಬೋ ಮ್ಯಾಲ. ಬಾರದವ ಮೂಟಿ ತುಂಬ ಒಯ್ತಾನ, ಅರ್ಧ ಕೆಡಿಸ್ತಾನ, ಮತ್ತ ಓಡಿ ಬರ್ತಾನ. ಹುಲುಗಪ್ಪ ಒಂದು ಚೀಟಿ ತರ್ತಾನ. ಒಂದು ಉಳ್ಯಂಗಿಲ್ಲ, ಒಂದು ಕಮ್ಮಿ ಬೀಳಂಗಿಲ್ಲ."

"ಹಂಗಾದ್ರ ಅವನನ್ನ ಒಳಗಿನ ಕೆಲಸಕ್ಕ ಯಾಕ ಯಾರೂ ಕರ್ಯಂಗಿಲ್ಲ?"

ಖಾಜಾ ಸಾಬ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಪೇಪರ್‌ನೋರು ನೀವು. ಇದನ್ನ ನನ್ನ ಕೇಳ್ತೀರೇನ್ರಿ?"

ಎರಡನೆಯವನು ವಿರೂಪಣ್ಣ. ಹೊಸ ಬಡಾವಣೆಗಳಲ್ಲಿ ಅರ್ಧದಷ್ಟು ಮನೆಗಳ ಪೈಪಿನ ಕೆಲಸ ಅವನದು. ಬಿಳಿ ಅಂಗಿ, ಬಿಳಿ ಕಾರು. ಮುಗಿಸಿದ ಕೆಲಸಗಳ ಫೋಟೊಗಳನ್ನು ಊರುವಾರು ವಿಂಗಡಿಸಿ ಫೋನಿನಲ್ಲಿ ಇಟ್ಟುಕೊಂಡಿದ್ದ. ನನ್ನ ಹೆಸರು ಅವನಿಗೆ ಬೇಕಾಗಿರಲಿಲ್ಲ, ಅವನ ಫೋನಿನಲ್ಲಿ ನಾನು 'ಪೇಪರ್ ಸಾರ್'. ಮೂರು ಮನೆ ಎಂದ ತಕ್ಷಣ, "ಮೂರು ಯಾಕ ಸಾರ್, ಮೂವತ್ತು ತೋರಸ್ತೀನಿ, ಹತ್ರಿ," ಎಂದು ಕಾರಿನ ಬಾಗಿಲು ತೆಗೆದ.

ಗಾಂಧಿನಗರದಲ್ಲಿ ಒಂದು ಮನೆ ನೋಡಿದೆವು. ಅಲ್ಲಿಂದ ಸಿರುಗುಪ್ಪ. ಬೇಸಿಗೆ ಭತ್ತದ ಕೊಯ್ಲು ಮುಗಿದಿತ್ತು. ಟಾರು ರಸ್ತೆಯ ಅರ್ಧಕ್ಕೆ ಭತ್ತ ಹರವಿ, ಅಂಚಿಗೆ ಕಲ್ಲು ಇಟ್ಟಿದ್ದರು. ಹೆಂಗಸರು ಬರಿಗಾಲಲ್ಲಿ ಭತ್ತದ ನಡುವೆ ಸಾಲು ಎಳೆಯುತ್ತ ನಡೆಯುತ್ತಿದ್ದರು. ವಿರೂಪಣ್ಣ ಕಾರು ನಿಧಾನ ಮಾಡಬೇಕಾಯಿತು. "ವೀಳ್ಳಕಿ ರೋಡ್ಡೇ ಕಲ್ಲಂ," ಎಂದು ತೆಲುಗಿನಲ್ಲಿ ಗೊಣಗಿದ. ಇವರಿಗೆ ರಸ್ತೆಯೇ ಕಣ ಅಂತ. ನನ್ನ ಅಪ್ಪ ಅವ್ವ ಅದೇ ರಸ್ತೆಯಲ್ಲಿ ಬೇರೆಯವರ ಭತ್ತವನ್ನು ಕಾಲಲ್ಲಿ ಹರಡಿದವರು. ನಾನು ಕಿಟಕಿಯಾಚೆ ನೋಡುತ್ತ ಕುಳಿತೆ. ಸಿರುಗುಪ್ಪದ ಮನೆಯಲ್ಲಿ ಐದು ನಲ್ಲಿ ಒಟ್ಟಿಗೆ ಬಿಟ್ಟು ನೋಡಿದೆ. ಒಂದರಲ್ಲೂ ನೀರಿನ ರಭಸ ಇಳಿಯಲಿಲ್ಲ. ಬರೆದುಕೊಂಡೆ.

ಮೂರನೆಯದು ಕುರುಗೋಡಿನಲ್ಲಿ, ಬಂಡೆಗುಡ್ಡದ ಕೆಳಗೆ, ನಿವೃತ್ತ ಹೆಡ್ಮಾಸ್ತರರೊಬ್ಬರ ಮನೆ. ಒಳ್ಳೆಯ ಮನುಷ್ಯರಂತೆ ಮಾತಾಡಿದರು. ಬಚ್ಚಲು, ಅಡುಗೆಮನೆ ಎಲ್ಲ ತೋರಿಸಿದರು. ಮಜ್ಜಿಗೆ ಕೊಟ್ಟರು. ಆಮೇಲೆ ಕೇಳದಿದ್ದರೂ ಹೇಳಿದರು.

"ವಿರೂಪಣ್ಣಂದು ಒಂದು ಪದ್ಧತಿ ಐತ್ರಿ, ನನಗ ಅದು ಭಾಳ ಹಿಡಿಸ್ತು. ಕುಡಿಯೋ ನೀರಿನ ಪೈಪಿಗೆ ಬ್ಯಾರೆ ತಂಡ, ಗಟಾರಕ್ಕ ಬ್ಯಾರೆ ತಂಡ. ಆ ಮಂದಿ ಒಳಗ ಬರಂಗಿಲ್ಲ. ಹಿತ್ತಲ ಕಡಿಯಿಂದ ಬರ್ತಾರ, ಹಿತ್ತಲ ಕಡಿಯಿಂದ ಹೋಗ್ತಾರ. ಅವರ ನೀರಿನ ಕೊಡ ಅವರ ತರ್ತಾರ."

"ಶುಚಿತ್ವಕ್ಕ ಅಂತೇನ್ರಿ?" ಎಂದೆ.

"ಶುಚಿತ್ವಕ್ಕೂ ಆತು, ಇನ್ನೊಂದಕ್ಕೂ ಆತು." ನಕ್ಕರು. "ನಾವೇನು ಹಳೇ ಕಾಲದೋರಲ್ಲ ಬಿಡ್ರಿ. ಸಾಲ್ಯಾಗ ಎಲ್ಲಾ ಮಕ್ಕಳನ್ನೂ ಒಂದ ಸಾಲಿನ್ಯಾಗ ಕುಂದರ್ಸೀನಿ. ಆದ್ರ ಮನಿ ಅಂದ ಮ್ಯಾಲ ಅಡಿಗಿಮನಿ ಇರ್ತತಿ, ದೇವರಮನಿ ಇರ್ತತಿ."

ವಿರೂಪಣ್ಣ ತಲೆ ತಗ್ಗಿಸಿ ಹೊಗಳಿಕೆ ಸ್ವೀಕರಿಸಿದ. ನಾನು ಲೋಟದಲ್ಲಿ ಉಳಿದಿದ್ದ ಮಜ್ಜಿಗೆ ಕುಡಿದೆ. ಅವರು ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ನಾನಾಗಿ ಹೇಳಲಿಲ್ಲ. ಆ ಮಧ್ಯಾಹ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದ ಸಾಲು ಈಗಲೂ ಇದೆ: "ಎರಡು ತಂಡ. ಮಾಲೀಕರು ತೃಪ್ತರು. ಸೋರಿಕೆ ಇಲ್ಲ."

ಈ ಮೂರು ವಾಕ್ಯಗಳಲ್ಲಿ ಒಂದೂ ಸುಳ್ಳಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ. ನಾನು ಬರೆದುಕೊಂಡದ್ದು ಒಂದು ಅನ್ಯಾಯವನ್ನು, ಬರೆದುಕೊಂಡ ರೀತಿಯಲ್ಲಿ ಅದು ಪೈಪಿನ ಗುಣಮಟ್ಟದ ವಿವರವಾಗಿತ್ತು. ವಾಪಸ್ ಬರುವಾಗ ಕಾರಿನಲ್ಲಿ ನನಗೆ ನಾನೇ ಹೇಳಿಕೊಂಡೆ: ನಾನು ಮನೆಗೆ ಪೈಪು ಹಾಕಿಸುತ್ತಿದ್ದೇನೆ, ಸಂಪಾದಕೀಯ ಬರೆಯುತ್ತಿಲ್ಲ. ನಿಯಮ ಎಲ್ಲರಿಗೂ ಒಂದೇ. ವಿರೂಪಣ್ಣ ಮೂರು ಮನೆ ತೋರಿಸಿದ, ಹುಲುಗಪ್ಪ ಒಂದೂ ತೋರಿಸಲಿಲ್ಲ. ಯಾರನ್ನು ಒಳಗೇ ಬಿಟ್ಟಿಲ್ಲವೋ ಅವನಿಗೆ ಒಳಗಿನ ಕೆಲಸ ತೋರಿಸು ಎನ್ನುವ ನಿಯಮ ಯಾರ ಕೈಯಲ್ಲಿ ತಯಾರಾದದ್ದು ಎಂದು ಯೋಚಿಸಲಿಲ್ಲ. ಅದು ಹೆಡ್ಮಾಸ್ತರರ ಹಿತ್ತಲಲ್ಲೇ ತಯಾರಾದದ್ದು. ನಾನು ಅದನ್ನು ಕಾಗದದ ಮೇಲೆ ನೇರವಾಗಿ ಬರೆದೆ, ಅಷ್ಟೆ.

ಕೆಲಸ ವಿರೂಪಣ್ಣನಿಗೆ ಕೊಟ್ಟೆ. ಹುಲುಗಪ್ಪನಿಗೆ ಫೋನ್ ಮಾಡಿ, "ಈ ಸಲ ಆಗ್ಲಿಲ್ಲ, ಮುಂದ ನೋಡೋಣು," ಎಂದೆ. "ಆತ್ರಿ ಸಾರ್," ಎಂದ. ಒಂದು ಕ್ಷಣ ಬಿಟ್ಟು, "ಚೇಂಬರು ಇಳಸ್ರಿ ಮತ್ತ, ಮರೀಬ್ಯಾಡ್ರಿ," ಎಂದು ಫೋನ್ ಇಟ್ಟ.

ಸುಜಾತಳಿಗೆ ಆ ಸಂಜೆ ಹೇಳಿದೆ. ಕುರುಗೋಡಿನ ವಿಷಯ ಬಿಟ್ಟು ಉಳಿದದ್ದೆಲ್ಲ ಹೇಳಿದೆ.

"ಚೇಂಬರು ಎತ್ತರ ಆಗೇತಿ ಅಂತ ಹೇಳಿದವ ಯಾರು?"

"ಹುಲುಗಪ್ಪ."

"ಒಡಸಿ ಇಳಸಿದ್ರಿ?"

"ಮೊನ್ನೇನ ಇಳಸ್ದೆ."

"ಅಂದ್ರ ಅವನ ಮಾತು ಬೇಕು, ಅವ ಬ್ಯಾಡ."

"ಹಂಗಲ್ಲ. ಅನುಭವ ನೋಡ್ಬೇಕಲ್ಲ."

"ನನಗ ಮೊದಲ್ನೇ ಸಲ ಸೂಜಿ ಕೈಯಾಗ ಕೊಟ್ಟಾಗ, ನೀ ಚುಚ್ಚಿದ ಮೂರು ಪೇಷಂಟ್ ತೋರ್ಸು ಅಂದಿದ್ರ, ನಾ ಇವತ್ತಿಗೂ ವಾರ್ಡಿನ ಕಸ ಹೊಡೀತಿದ್ದೆ." ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಉತ್ತರ ಕೊಡಲು ಅನುಕೂಲವಾಗುತ್ತಿತ್ತು.

ವಿರೂಪಣ್ಣನ ಒಳಗಿನ ತಂಡ ನಾಲ್ಕು ದಿನ ಬಂತು. ಚೊಕ್ಕ ಕೆಲಸ. ಗೋಡೆ ಕೊರೆದು, ಮೇಲಿನ ಬಚ್ಚಲಿಗೆ ಹೋಗುವ ಪೈಪು ಕೂರಿಸಿದರು. ಐದನೆಯ ದಿನ ಮುಂಬಾಗಿಲು ನಿಲ್ಲಿಸುವುದಿತ್ತು. ನಮ್ಮಲ್ಲಿ ಹೋಮ, ಪೂಜೆ ಇಲ್ಲ. ದೇಶನೂರಿನಿಂದ ಹಿರಿಯರು ನಾಲ್ಕು ಜನ ಬಂದರು. ಚೌಕಟ್ಟಿನ ಪಕ್ಕ ಸ್ಟೂಲಿನ ಮೇಲೆ ಬುದ್ಧನ ಫೋಟೊ ಇಟ್ಟು, ಮೇಣದ ಬತ್ತಿ ಹಚ್ಚಿ, ತ್ರಿಸರಣ ಪಂಚಶೀಲ ಹೇಳಿದರು. ಮುಗಿಯುವ ಹೊತ್ತಿಗೆ ವಿರೂಪಣ್ಣ ಬಂದ. ಫೋಟೊ ನೋಡಿದ, ಹಿರಿಯರನ್ನು ನೋಡಿದ, ಅವರ ಬಾಯಲ್ಲಿ ನನ್ನ ಹೆಸರು ಮಾರೆಪ್ಪ ಎಂದು ಮೊದಲ ಸಲ ಕೇಳಿದ. ಸುಜಾತ ಕೊಟ್ಟ ಲಾಡಿನ ಪೊಟ್ಟಣ ತೆಗೆದುಕೊಂಡು, "ಕಾರ್ನ್ಯಾಗ ತಿಂತೀನಮ್ಮ, ಅವಸರ ಐತಿ," ಎಂದು ಹೋದ.

ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಬೆಳಗ್ಗೆ ಹೋದರೆ ಒಳಗಿನ ತಂಡದ ಬದಲು ಬೇರೆ ಇಬ್ಬರು ಅಡುಗೆಮನೆಯಲ್ಲಿ ಪೈಪು ಅಳೆಯುತ್ತಿದ್ದರು. ಅವರಲ್ಲಿ ಒಬ್ಬ ಹುಲುಗಪ್ಪ. ನಾನು ಬೇಡ ಎಂದ ಮೇಲೆ ಅವನು ಮತ್ತೆ ವಿರೂಪಣ್ಣನ ಹೊರಗಿನ ತಂಡಕ್ಕೇ ಕೂಲಿಗೆ ಹೋಗಿದ್ದ.

ವಿರೂಪಣ್ಣನಿಗೆ ಫೋನ್ ಮಾಡಿದೆ.

"ತಪ್ಪು ತಿಳ್ಕೋಬ್ಯಾಡ್ರಿ ಸಾರ್. ಅವರೂ ನಮ್ಮವರ. ಒಳಗಿನ ತಂಡಕ್ಕ ಬ್ಯಾರೆ ಕಡಿ ಅರ್ಜೆಂಟ್ ಬಂತು. ಹೆಂಗೂ ನಿಮ್ಮ ಮನ್ಯಾಗ ಇವರು ಒಳಗ ಬಂದ್ರ ನಿಮಗೇನು ಅಡ್ಡಿ ಇಲ್ಲಲ್ಲ."

"ಮೊದ್ಲ ನಾಕು ದಿನ ಒಳಗಿನ ತಂಡದವರ ಬಂದಿದ್ರಲ್ಲ."

"ಅವಾಗ ಗೊತ್ತಿರ್ಲಿಲ್ರಿ."

ಏನು ಗೊತ್ತಿರಲಿಲ್ಲ ಎಂಬುದು ಯಾವ ವರದಿಗಾರನೂ ಕೇಳಬೇಕಾದ ಮುಂದಿನ ಪ್ರಶ್ನೆ. ನಾನು ಕೇಳಲಿಲ್ಲ. ಸಿಟ್ಟಿನಲ್ಲಿ ನನ್ನ ದನಿ ತಣ್ಣಗಾಗುತ್ತದೆ, ಕಚೇರಿಯಲ್ಲಿ ಎಲ್ಲರಿಗೂ ಅದು ಗೊತ್ತು. ವಿರೂಪಣ್ಣನಿಗೆ ಗೊತ್ತಿರಲಿಲ್ಲ. "ನಾಳಿಂದ ನಿಮ್ಮ ಕೆಲಸ ಬ್ಯಾಡ," ಎಂದೆ. "ನಿಮ್ಮಿಷ್ಟ ಸಾರ್," ಎಂದ. ಬೇಜಾರಿನ ಲವಲೇಶವೂ ಇರಲಿಲ್ಲ. ಹೊರೆ ಇಳಿದವನಂತೆ ಹೇಳಿದ. ನಾನು ಅವನಿಗೆ ಕೊಟ್ಟದ್ದು ಶಿಕ್ಷೆ ಎಂದುಕೊಂಡಿದ್ದೆ, ಅವನಿಗೆ ಅದು ಉಪಕಾರವಾಯಿತು.

ಅಡುಗೆಮನೆಗೆ ಹೋಗಿ ಹುಲುಗಪ್ಪನಿಗೆ, ಇಡೀ ಕೆಲಸ ನಿನ್ನದು, ನಿನ್ನ ಹೆಸರಲ್ಲೇ ಮಾಡು ಎಂದೆ. ಅವನು ಕೈಯಲ್ಲಿದ್ದ ಪೈಪನ್ನು ಅಳತೆಗೆ ಕೊಯ್ದು, ತುದಿಯನ್ನು ಉಜ್ಜಿ ನಯ ಮಾಡಿ, ಆಮೇಲೆ ಮಾತಾಡಿದ.

"ಅವರು ಬಿಟ್ಟದ್ದು ನನಗ ಸಿಕ್ಕೈತಿ ಸಾರ್. ನೀವು ಕೊಟ್ಟದ್ದಲ್ಲ."

ಅವನು ಪೈಪಿನ ತುದಿಯನ್ನು ಊದಿ ಧೂಳು ಹಾರಿಸಿದ.

"ಇರ್ಲಿ ಬಿಡ್ರಿ. ಮನಿ ಅಂತೂ ಸಿಕ್ತು."

ಅದೇ ವಾರ ವಿರೂಪಣ್ಣ ಅವನನ್ನು ಹೊರಗಿನ ಕೆಲಸಕ್ಕೂ ಕರೆಯುವುದನ್ನು ಬಿಟ್ಟ. ಈಗ ಹುಲುಗಪ್ಪನ ಕೈಯಲ್ಲಿದ್ದದ್ದು ನಮ್ಮ ಮನೆ ಒಂದೇ. ಇದನ್ನು ತೋರಿಸಿ ಇನ್ನೊಂದು ಹಿಡಿಯಬೇಕು, ಇಲ್ಲವೇ ಇಪ್ಪತ್ತು ವರ್ಷದ ಕೆಲಸ ಬಿಟ್ಟು ಬೇರೆ ಕೂಲಿ ನೋಡಬೇಕು.

ಬೇಸಿಗೆ ಕಳೆಯುವ ಮೊದಲೇ ಕೆಲಸ ಮುಗಿಸಿದ. ಊರಿನ ನಲ್ಲಿಯಲ್ಲಿ ವಾರಗಟ್ಟಲೆ ಕಾಯಿಸಿ ಬರುವ ನೀರು ಸಂಪಿಗೆ ಬಿದ್ದು, ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರಿ, ಕೆಳಗಿಳಿಯುವ ದಾರಿಯಲ್ಲಿ ಒಂದು ತಿರುವೂ ಅನವಶ್ಯಕ ಇರಬಾರದು ಎಂಬುದು ಅವನ ಹಟ. ಪ್ಲಾಸ್ಟರ್‌ಗೆ ಮೊದಲು ಪೈಪುಗಳಿಗೆಲ್ಲ ನೀರು ತುಂಬಿ, ಕೈಪಂಪಿನಿಂದ ಒತ್ತಡ ಕೊಟ್ಟು, ಮೀಟರಿನ ಮುಳ್ಳು ನೋಡುತ್ತ ಕೂತ. ಒಂದು ತಾಸಿಗೆ ಮುಳ್ಳು ಒಂದಿಷ್ಟು ಕೆಳಗೆ ಸರಿಯಿತು. ಅವನು ಗೋಡೆಯುದ್ದಕ್ಕೂ ಕಿವಿ ಇಟ್ಟು ನಡೆದ, ಜೋಡಣೆಗಳ ಮೇಲೆ ಬೆರಳು ಸವರಿದ. ಅದು ಒಳಗಿನ ತಂಡದವರ ಜೋಡಣೆ ಆಗಿರಲಿ ಎಂದು ನಾನು ಮನಸ್ಸಿನಲ್ಲೇ ಬಯಸುತ್ತಿದ್ದೆ.

"ಇಲ್ಲಿ," ಎಂದ. "ನಂದ ರಿ ಇದು." ಅವನೇ ಮಾಡಿದ ಜೋಡಣೆ. ಅದನ್ನು ಕೊಯ್ದು ಬಿಸಾಡಿ, ಹೊಸದಾಗಿ ಸಲೂಷನ್ ಹಚ್ಚಿ ಕೂರಿಸಿದ. ಮರುದಿನ ಮತ್ತೆ ಒತ್ತಡ ಕೊಟ್ಟ. ಸಂಜೆವರೆಗೂ ಮುಳ್ಳು ಕದಲಲಿಲ್ಲ. ಒಳಗಿನ ತಂಡದ ಜೋಡಣೆಗಳಲ್ಲಿ ಒಂದೂ ಸೋರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅವರ ಕೈಗಳ ಮೇಲೆ ನನಗೆ ದೂರಿಲ್ಲ.

ಮಳೆ ಶುರುವಾಯಿತು. ಸಿರುಗುಪ್ಪದ ಕಡೆ ಕಾಲುವೆಗೆ ನೀರು ಬಿಟ್ಟು ನಾಟಿ ಆರಂಭವಾದ ದಿನಗಳಲ್ಲಿ ನಾವು ಹೊಸ ಮನೆಗೆ ಬಂದೆವು. ಬುದ್ಧನ ಫೋಟೊ ಹಜಾರದ ಗೋಡೆಗೆ ಹೋಯಿತು. ಹುಲುಗಪ್ಪ ಜನರನ್ನು ಕರೆತರಲು ತೊಡಗಿದ. ಮೊದಲು ಬಂದವರು ಅದೇ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದ ಬ್ಯಾಂಕಿನವರು. ನಲ್ಲಿ ತಿರುಗಿಸಿದರು, ಮೇಲಿನ ಬಚ್ಚಲಲ್ಲಿ ನೀರು ಸುರಿದು ಕೆಳಗೆ ಬಂದು ಗೋಡೆ ಮುಟ್ಟಿ ನೋಡಿದರು. "ಮಸ್ತ್ ಮಾಡೀಯಪಾ," ಎಂದರು. ಹಜಾರಕ್ಕೆ ಬಂದು ಗೋಡೆಯ ಮೇಲಿನ ಫೋಟೊ ನೋಡಿದರು. ಸುಜಾತ ತಂದ ಚಹಾ ನೋಡಿ, ಈಗಷ್ಟೇ ಕುಡಿದು ಬಂದೆ ಎಂದರು. ಎರಡು ದಿನ ಬಿಟ್ಟು ಆ ಮನೆಯ ಮುಂದೆ ವಿರೂಪಣ್ಣನ ಬಿಳಿ ಕಾರು ನಿಂತಿತ್ತು. ಆಮೇಲೆ ಬಂದ ಇಬ್ಬರೂ ಹಾಗೆಯೇ ಮೆಚ್ಚಿದರು, ಹಾಗೆಯೇ ಹೋದರು.

ಮೂರನೆಯವರು ಹೋದ ಮೇಲೆ ನಾನು ಒಂದು ಪತ್ರ ಬರೆದೆ. ಮೇಲಿನ ಬಚ್ಚಲಿಗೆ ಹೋಗುವ ಪೈಪು ಬಿಟ್ಟರೆ ಈ ಮನೆಯ ಒಳಗಿನ ಮತ್ತು ಹೊರಗಿನ ಎಲ್ಲ ಪೈಪಿನ ಕೆಲಸ ಹುಲುಗಪ್ಪನದು, ಒತ್ತಡ ಪರೀಕ್ಷೆ ನನ್ನ ಕಣ್ಣೆದುರಿಗೇ ಆಗಿದೆ, ಸೋರಿಕೆ ಇಲ್ಲ. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ: ದೇಶನೂರು ಮಾರೆಪ್ಪ. ಹುಲುಗಪ್ಪ ಎರಡು ಸಲ ಓದಿದ.

"ಚಲೋ ಬರ್ದೀರಿ ಸಾರ್. ಹೆಸರು ಒಂದು ತಗೀರಿ."

"ಹೆಸರಿಲ್ದ ಪತ್ರ ಯಾರು ನಂಬ್ತಾರ?"

"ನಿಮ್ಮ ಹೆಸರಿದ್ರ ಯಾರು ನಂಬ್ತಾರ?" ಅವನು ಕಾಗದವನ್ನು ಮೊಣಕಾಲ ಮೇಲೆ ಇಟ್ಟು ಅಂಗೈಯಿಂದ ಸವರಿದ. "ನನ್ನ ಕೆಲಸಕ್ಕ ಯಾರೂ ಹೆಸರು ಇಡಂಗಿಲ್ಲ. ನಮ್ಮವರ ಮನಿ ಅಂದ ಕೂಡ್ಲೆ, ಇವರ ಇವರಿಗೆ ಮಾಡ್ಕೊಂಡಾರ, ಅದರಾಗೇನು ಅಂತಾರ. ನಿಮ್ಮ ಆಫೀಸ್ನ್ಯಾಗ ಬ್ಯಾರೆ ಯಾರರ ಇದ್ರ ಅವರ ಕೈಲೆ ಸೈ ಮಾಡಸ್ರಿ. ಅವರ ಮನಿ ಅಂತ ಬರೀರಿ."

ನಾನು ಬೇರೆಯವರ ಬರಹದಲ್ಲಿ ಒಂದು ಊರಿನ ಹೆಸರು ತಪ್ಪಿದರೂ ಮರುದಿನ ತಿದ್ದುಪಡಿ ಹಾಕಿಸುವವನು. ಅವತ್ತು ಕುಳಿತು ಆ ಪತ್ರವನ್ನು ಪೂರ್ತಿ ಸುಳ್ಳಾಗಿ ಮತ್ತೆ ಬರೆದೆ. ಜಾಹೀರಾತು ವಿಭಾಗದ ಗೆಳೆಯ ಜೋಶಿಯ ಮುಂದೆ ಇಟ್ಟೆ. ಅವನು ಓದಿ ನನ್ನ ಮುಖ ನೋಡಿದ.

"ಇದು ಸುಳ್ಳಲ್ಲೇನೋ ಮಾರೆಪ್ಪ?"

"ಸುಳ್ಳು."

"ಬಾಡಿಗಿ ಮನ್ಯಾಗ ಅದೀನಿ ನಾನು. ಪುಗಸಟ್ಟೆ ಒಂದು ಮನಿ ಬಂತು." ನಗಲು ನೋಡಿದ, ಆಗಲಿಲ್ಲ. ಸಹಿ ಮಾಡಿ ಕಾಗದವನ್ನು ನನ್ನ ಕಡೆ ತಳ್ಳಿದ.

ಪತ್ರ ಕೆಲಸ ಮಾಡಿತು. ಹದಿನೈದು ದಿನದೊಳಗೆ ಸಿರುಗುಪ್ಪದ ಬೀಜದ ವ್ಯಾಪಾರಿಯೊಬ್ಬರು 'ಜೋಶಿಯವರ ಮನೆ' ನೋಡಲು ಬರುತ್ತೇನೆ ಎಂದರು. ಹುಲುಗಪ್ಪ ಹಿಂದಿನ ದಿನವೇ ಬಂದು ತಿಳಿಸಿದ. ಫೋಟೊದ ಕಡೆ ಒಮ್ಮೆ ನೋಡಿದ, ಏನೂ ಕೇಳಲಿಲ್ಲ. ಕೇಳುವ ಮೊದಲೇ ಸುಜಾತ ಹೇಳಿದಳು.

"ಫೋಟೊ ಇಳಸಂಗಿಲ್ಲ. ನೀವಿಬ್ಬರೂ ಏನು ಸುಳ್ಳು ಹೇಳ್ಕೊಂತೀರೋ ಹೇಳ್ಕೋರ್ರಿ."

ಭಾನುವಾರ ಬೆಳಗ್ಗೆ ಹುಲುಗಪ್ಪನ ಜೊತೆ ವ್ಯಾಪಾರಿ ಬಂದರು. ಬಾಗಿಲು ತೆರೆದ ನನ್ನನ್ನು ನೋಡಿ, "ಜೋಶಿಯವರು?" ಎಂದರು.

"ಊರಾಗಿಲ್ರಿ," ಎಂದೆ. "ನಾವು ಬಾಡಿಗಿಯವರು."

ಅವರು ಒಳಗೆ ಬಂದು ಎಲ್ಲ ನೋಡಿದರು. ಒಂದೊಂದು ನಲ್ಲಿಯನ್ನೂ ತಿರುಗಿಸಿದರು. ಅಡುಗೆಮನೆಯ ಸಿಂಕು ತುಂಬ ನೀರು ನಿಲ್ಲಿಸಿ, ಒಮ್ಮೆಗೇ ಬಿಟ್ಟು, ಹಿತ್ತಲಿಗೆ ಓಡಿ ಚೇಂಬರಿನಲ್ಲಿ ಬರುವುದನ್ನು ನೋಡಿದರು. ತೃಪ್ತಿಯಾಯಿತು. ಹಜಾರದಲ್ಲಿ ನಿಂತು ಫೋಟೊ ನೋಡಿದರು, ನನ್ನನ್ನು ನೋಡಿದರು, ಸುಜಾತಳನ್ನು ನೋಡಿದರು.

"ಜೋಶಿಯವರದು ದೊಡ್ಡ ಮನಸ್ಸು ಬಿಡ್ರಿ," ಎಂದರು. "ಇಂಥಾ ಹೊಸಾ ಮನಿ ನಿಮಗ ಕೊಟ್ಟಾರ."

ಹುಲುಗಪ್ಪ ಬಗ್ಗಿ, ಸರಿಯಾಗಿಯೇ ಇದ್ದ ಒಂದು ನಲ್ಲಿಯ ಬುಡವನ್ನು ಒರೆಸತೊಡಗಿದ.

"ಹೌದ್ರಿ," ಎಂದೆ. "ದೊಡ್ಡ ಮನಸ್ಸು."

"ಜೋಶಿಯವರ ಅಡಿಗಿಮನ್ಯಾಗ ಕೆಲಸ ಮಾಡ್ಯಾನ ಅಂದ್ರ ನಮಗೇನು ತಕರಾರು," ಎಂದು ವ್ಯಾಪಾರಿ ಅಲ್ಲೇ ಹುಲುಗಪ್ಪನಿಗೆ ತಮ್ಮ ಮನೆಯ ಕೆಲಸ ಒಪ್ಪಿಸಿದರು. ಒಳಗಿನದೂ, ಹೊರಗಿನದೂ. ಯಾವ ದಿನ ಬರಬೇಕು, ಮೊದಲು ಯಾವ ಕಡೆ ಹಿಡಿಯಬೇಕು ಎಂದು ಇಬ್ಬರೂ ಮಾತಾಡಿಕೊಳ್ಳುತ್ತ ಮುಂಬಾಗಿಲಿನಿಂದ ಇಳಿದು ಹೋದರು. ಹುಲುಗಪ್ಪ ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡಿದ. ಅವನ ಮುಖದಲ್ಲಿ ಸಂತೋಷವಿತ್ತು, ಅದನ್ನು ನನಗೆ ತೋರಿಸಲು ನಾಚಿಕೆಯೂ ಇತ್ತು. ನಾನು ಕೈ ಎತ್ತಿದೆ.

ಒಳಗೆ ಬಂದಾಗ ಸುಜಾತ ತಟ್ಟೆಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

"ಊಟಕ್ಕ ಯಾವಾಗ ಹಾಕ್ತೀ?" ಎಂದೆ.

"ಓನರ್ರು ಊರಿಂದ ಬಂದ ಮ್ಯಾಲ ಹೇಳ್ರಿ," ಎಂದಳು. "ಹಾಕ್ತೀನಿ."